ನಾಲ್ಕು ತುದಿ

"ಫ್ಯಾನ್ ಹಾಕ್ಬೇಡ್ವೇ, ತಲೆ ಮೇಲೆ ಬೀಳೋ ಹಾಗಿದೆ," ಎಂದಳು ಅಮ್ಮ, ಚಪ್ಪಲಿ ಬಿಡುವ ಮೊದಲೇ.

ರಾತ್ರಿಯಿಡೀ ಬಸ್ಸಿನಲ್ಲಿ ಕೂತು ಅವಳ ಪಾದಗಳು ಊದಿಕೊಂಡಿದ್ದವು. ಮಗ ಕಟ್ಟಡದ ಕೆಲಸಕ್ಕೆ ಕಟ್ಟಿದ್ದ ಸಾರುವೆಯಿಂದ ಬಿದ್ದಿದ್ದಾನೆ ಎಂದು ಅವನ ಮೇಸ್ತ್ರಿ ಫೋನು ಮಾಡಿದ್ದೇ ತಡ, ಇಸ್ತ್ರಿ ಅಂಗಡಿಗೆ ಬೀಗ ಹಾಕಿ ತಾಯಿ ಮಗಳು ಹೊರಟುಬಂದಿದ್ದರು. ಆಸ್ಪತ್ರೆಯಲ್ಲಿ ಮಧ್ಯಾಹ್ನದವರೆಗೆ ಒಳಗೆ ಬಿಡುವುದಿಲ್ಲ ಎಂದದ್ದಕ್ಕೆ ಎದುರಿನ ಲಾಡ್ಜಿನಲ್ಲಿ ಈ ರೂಮು ಹಿಡಿದಿದ್ದರು. ಕಿಟಕಿ ತೆಗೆದರೆ ಪಕ್ಕದ ಗೋಡೆಯ ಪೈಪುಗಳು ಕೈಗೆ ಸಿಗುವಷ್ಟು ಹತ್ತಿರ.

ಮಗಳು ಬಿಸಿನೀರು ಕೇಳಲು ಕೆಳಗಿಳಿದಾಗ ಮೆಟ್ಟಿಲ ತಿರುವಿನಲ್ಲಿ ಮತ್ತೆ ಮೇಸ್ತ್ರಿಯ ಫೋನು ಬಂತು.

"ಈಗ ತಾನೆ ಹೋಗ್ಬಿಟ್ಟ ಕಣಮ್ಮಾ ನಿಮ್ಮಣ್ಣ. ಅಮ್ಮಂಗೆ ಈಗ್ಲೇ ಹೇಳ್ಬೇಡ. ಪಾಪ, ಅಷ್ಟು ದೂರದಿಂದ ಬಂದಿದಾರೆ, ಒಂದ್ ತುತ್ತು ತಿನ್ಲಿ. ಆಮೇಲೆ ನಾನೇ ಬರ್ತೀನಿ."

ಬಕೆಟ್ಟು ಹಿಡಿದು ಮೇಲೆ ಬಂದಾಗ ಅಮ್ಮ ಮಂಚದ ಬೆಡ್‌ಶೀಟನ್ನು ಕಿತ್ತು ಕೈಯಲ್ಲಿ ಹಿಡಿದಿದ್ದಳು.

"ನೋಡು, ಇಸ್ತ್ರಿ ಹಾಳಾಗ್ಲಿ, ಒಂದ್ಸಲ ಒದರಿಯೂ ಇಲ್ಲ ಪುಣ್ಯಾತ್ಮರು. ನಾವ್ ಹೀಗ್ ಕೊಟ್ಟಿದ್ರೆ ಗಿರಾಕಿ ಮುಖಕ್ಕೇ ಎಸೀತಿದ್ದ."

"ಬಿಡಮ್ಮಾ. ಟೀ, ಬನ್ನು ತರಿಸ್ತೀನಿ, ತಿನ್ನು."

"ಮೊದ್ಲು ಆ ಕಡೆ ಹಿಡ್ಕೋ. ಮಡಿಸಿ ಹಾಸಿಗೆ ಅಡೀಗಿಟ್ರೆ, ಅಣ್ಣನ್ನ ನೋಡ್ಕೊಂಡ್ ಬರೋಷ್ಟ್ರಲ್ಲಿ ಸುಕ್ಕು ಹೋಗಿರುತ್ತೆ."

ದೊಡ್ಡ ಬಟ್ಟೆ ಮಡಿಸುವಾಗ ಅಮ್ಮ ನಿಂತಲ್ಲೇ ನಿಲ್ಲುತ್ತಾಳೆ. ಎದುರಿನವರು ನಡೆದುಬಂದು ತಮ್ಮ ಎರಡು ತುದಿಗಳನ್ನು ಅವಳ ಕೈಗೆ ಕೊಡಬೇಕು. ಮೊದಲು ಅಣ್ಣ ನಡೆಯುತ್ತಿದ್ದ. ಅವನು ಕೆಲಸಕ್ಕೆಂದು ಊರು ಬಿಟ್ಟ ಮೇಲೆ ಇವಳು. ಯಾರೂ ಹೇಳಿಕೊಡುವ ವಿಷಯವಲ್ಲ, ಕಾಲಿಗೇ ಗೊತ್ತಿರುತ್ತದೆ.

ಇಬ್ಬರೂ ಒದರಿದರು. ಎಳೆದು ಬಿಗಿ ಮಾಡಿದರು. ಅಮ್ಮ ಕಾದಳು. ಮಗಳ ಕಾಲು ಏಳಲಿಲ್ಲ.

"ಏನೇ, ಕಾಲು ಬಸ್ಸಲ್ಲೇ ಬಿಟ್ಟ್ ಬಂದ್ಯಾ?"

ಮಗಳು ನಗಲು ನೋಡಿದಳು. ಆಗಲಿಲ್ಲ. ಬಟ್ಟೆಯ ಅಂಚನ್ನು ಇನ್ನಷ್ಟು ಗಟ್ಟಿಯಾಗಿ ಹಿಡಿದು, ಅದರ ಮೇಲಿನ ಮಾಸಿದ ಲಾಡ್ಜಿನ ಮುದ್ರೆಯನ್ನೇ ನೋಡುತ್ತ ನಿಂತಳು. ಅಮ್ಮನ ಮುಖದ ನಗು ಮೆಲ್ಲಗೆ ಆರಿತು.

"ಫೋನ್ ಬಂತಾ?"

ಮಗಳ ಹೆಬ್ಬೆರಳು ಆ ಮುದ್ರೆಯನ್ನು ಉಜ್ಜತೊಡಗಿತು.

ಅಮ್ಮ ತಾನೇ ನಡೆದುಬಂದಳು. ಊದಿದ ಪಾದ ಎಳೆಯುತ್ತ ಬಂದು, ಮಗಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ, ಆ ಎರಡು ತುದಿಗಳನ್ನೂ ತೆಗೆದುಕೊಂಡಳು.

"ತುಂಬಾ ಒದ್ದಾಡಿದ್ನಂತಾ?"

"ಇಲ್ವಂತಮ್ಮ," ಎಂದಳು ಮಗಳು. ಮೇಸ್ತ್ರಿ ಅದನ್ನು ಹೇಳಿರಲೇ ಇಲ್ಲ.

ಅಮ್ಮ ಬರಿಯ ಹಾಸಿಗೆಯ ಮೇಲೆ ಕೂತಳು. ಅಂಚಿಗೆ ಅಂಚು ಕೂಡಿಸಿ ಮಡಿಸಿದಳು, ಮತ್ತೆ ಮಡಿಸಿದಳು. ಇನ್ನು ಮಡಿಸಲು ಬಾರದಷ್ಟು ಚಿಕ್ಕದಾದ ಮೇಲೂ ಅದನ್ನು ತೊಡೆಯ ಮೇಲಿಟ್ಟುಕೊಂಡು, ಒಂದು ಕಡೆಯಿಂದ ಇನ್ನೊಂದು ಕಡೆಗೆ, ಅಂಗೈ ಒತ್ತಿ ತೀಡುತ್ತಲೇ ಇದ್ದಳು.