ಮೊಹರಿನೊಳಗಿನ ಅಂಗೈ

ಗುನ್ನಿಲ್ಡ್ ಮತ್ತೊಮ್ಮೆ ಅಂಗೈಯ ಕಟ್ಟನ್ನು ಮೂಗಿಗೆ ಹಿಡಿದಳು. ಒಳಗಿಂದ ಸಣ್ಣಗೆ ನಾತ. ನಿನ್ನೆ ಇರಲಿಲ್ಲ. ಗಂಟಿನ ಮೇಲೆ ಪಾದ್ರಿ ಹಾಕಿದ ಮೇಣದ ಮೊಹರು ಹಾಗೇ ಇತ್ತು. ಅದನ್ನು ಮುರಿದರೆ ತಪ್ಪು ಒಪ್ಪಿಕೊಂಡ ಹಾಗೆ.

ಅರಸನ ಕಣಜಕ್ಕೆ ಬೆಂಕಿ ಬಿದ್ದ ದಿನ ಅವಳು ಆ ದಾರಿಯಲ್ಲಿ ಸೌದೆ ಹೊತ್ತು ಬಂದಿದ್ದಳು. ಅರಸನ ಅಧಿಕಾರಿ ಥರ್ಸ್ಟನ್‌ಗೆ ಅಷ್ಟೇ ಸಾಕಾಯಿತು. ಸಾಕ್ಷಿ ಇಲ್ಲದ ಕಡೆ ದೇವರೇ ಸಾಕ್ಷಿ ಎಂಬುದು ಯಾರ್ಕ್ ಸೀಮೆಯ ಕಟ್ಟಳೆ. ಪಾದ್ರಿ ಮಂತ್ರಿಸಿಕೊಟ್ಟ ಕಾದ ಕಬ್ಬಿಣವನ್ನು ಹಿಡಿದು ಅವಳು ಚರ್ಚಿನೊಳಗೆ ನಡೆದಿದ್ದಳು. ಮೂರನೆಯ ದಿನ ಕಟ್ಟು ಬಿಚ್ಚಿದಾಗ ಗಾಯ ಮಾಗುತ್ತಿದ್ದರೆ ನಿರ್ದೋಷಿ, ಕೀವಾಗಿದ್ದರೆ ಗಲ್ಲು. ಗಲ್ಲಿಗೇರಿದವರ ಆಸ್ತಿ ಅರಸನಿಗೆ. ಅವಳ ಅಪ್ಪ ಬಿಟ್ಟುಹೋಗಿದ್ದ ಹೊಳೆಯಂಚಿನ ಹುಲ್ಲುಗಾವಲಿನ ಮೇಲೆ ಎಲ್ಲರಿಗೂ ಕಣ್ಣು. ಥರ್ಸ್ಟನ್‌ಗೆ ನ್ಯಾಯದ ಮೇಲೆ ಇದ್ದಕ್ಕಿದ್ದಂತೆ ಪ್ರೀತಿ ಉಕ್ಕಿದ್ದು ಯಾಕೆಂದು ಯಾರೂ ಕೇಳಬೇಕಿರಲಿಲ್ಲ.

"ಹೆದರ್ಬೇಡ ಕಣೇ," ಎಂದ ಗಂಡ ಆಲ್ವಿನ್. "ನೀನು ಬೆಂಕಿ ಹಾಕಿಲ್ಲ ತಾನೆ? ಮತ್ತೆ ದೇವ್ರು ಕೈ ಬಿಡ್ತಾನಾ?"

"ದೇವ್ರ ಮ್ಯಾಲೆ ಅನುಮಾನ ಇಲ್ಲ ಕಣಯ್ಯ. ನಾಳೆ ಕಟ್ಟು ಬಿಚ್ಚೋನು ದೇವ್ರಲ್ಲವಲ್ಲ."

ಬಿಚ್ಚುವವರೇ ಅಷ್ಟರಲ್ಲಿ ಬಾಗಿಲಿಗೆ ಬಂದರು. ಪಾದ್ರಿ ಹ್ಯಾಮೊ ಒಲೆಯ ಪಕ್ಕ ಕುಳಿತು, ಆಲ್ವಿನ್ ಕೊಟ್ಟ ಬೀರನ್ನು ನಿಧಾನವಾಗಿ ಕುಡಿದರು. ಅವಳ ಕೈಯನ್ನು ನೋಡಲೇ ಇಲ್ಲ.

"ಅರಸ ನಮ್ಮ ಬಿಷಪ್ಪರ ಹೊಲಗಳನ್ನ ನುಂಗಿ ಕೂತಿದ್ದಾನೆ. ನಿನ್ನದನ್ನೂ ನುಂಗ್ಲಿ ಅಂತೀಯೇನಮ್ಮ? ಹುಲ್ಲುಗಾವಲನ್ನ ಚರ್ಚಿಗೆ ಬಿಟ್ಟುಬಿಡು. ಹರಕೆ ಅಂದ್ಕೋ."

"ನಾನು ತಪ್ಪು ಮಾಡಿಲ್ಲ ಅಂದ್ಮ್ಯಾಲೆ ಹರಕೆ ಯಾಕೆ ಸ್ವಾಮಿ?"

"ನನಗೂ ವಯಸ್ಸಾಯ್ತು. ನಾಳೆ ಕಣ್ಣಿಗೆ ಏನು ಕಾಣುತ್ತೋ ಏನೋ," ಎಂದು ಅವರು ನಕ್ಕರು.

"ಕೊಡ್ಬೇಡ," ಎಂದ ಆಲ್ವಿನ್. "ಮಾಡದ ತಪ್ಪಿಗೆ ಯಾಕೆ ಕೊಡ್ತೀಯ?"

ಕಟ್ಟಿನೊಳಗೆ ಅಂಗೈ ಸಿಡಿಯುತ್ತಿತ್ತು. ಅವಳಿಗೆ ಹೆದರಿಕೆಯಾಯಿತು, ಬರೀ ಹೆದರಿಕೆ. "ಕೊಡ್ತೀನಿ ಸ್ವಾಮಿ," ಎಂದಳು. ಆಲ್ವಿನ್ ತಿರುಗಿ ಅವಳ ಮುಖ ನೋಡಿದ.

ಮರುದಿನ ಬೆಳಿಗ್ಗೆ ಥರ್ಸ್ಟನ್ ಎಲ್ಲರಿಗಿಂತ ಮೊದಲೇ ಚರ್ಚಿಗೆ ಬಂದಿದ್ದ. ತಾನು ಕಳ್ಳ, ಪರರ ನಂಬ. ಮೊಹರನ್ನು ಹೆಬ್ಬೆರಳಿನಿಂದ ತಿಕ್ಕಿ ನೋಡಿದ ಮೇಲೆಯೇ ಬಿಚ್ಚಲು ಬಿಟ್ಟ. ಪಾದ್ರಿ ಜನರಿಗೆ ಬೆನ್ನು ಮಾಡಿ ನಿಂತು ಬಟ್ಟೆ ಸುಲಿದರು. ಅಂಗೈ ತುಂಬ ಹಳದಿ ಕೀವು. ಅವಳ ಮೊಣಕೈ ಹಿಡಿದು ನಿಂತಿದ್ದ ಆಲ್ವಿನ್ ಅದನ್ನು ನೋಡಿದ.

"ಶುದ್ಧವಾಗಿದೆ," ಎಂದರು ಪಾದ್ರಿ. ಆಗಲೇ ಅವಳ ಕೈಯನ್ನು ತಮ್ಮ ನಿಲುವಂಗಿಯ ತೋಳಿನಿಂದ ಮುಚ್ಚಿಯೂ ಬಿಟ್ಟಿದ್ದರು.

"ಎಲ್ಲಿ, ನಾನೊಂದ್ಸಲ ನೋಡ್ತೀನಿ," ಥರ್ಸ್ಟನ್ ಮುಂದೆ ಬಂದ.

"ಇಲ್ಲಿ ನೋಡೋ ಕೆಲಸ ನಂದು. ಅರಸನ ಅಧಿಕಾರ ಬಾಗಿಲಾಚೆ."

"ನಾತ ಹೊಡೀತಿದೆ ಗುರುಗಳೇ."

"ಕಾಲು ತೊಳ್ಕೊಂಡು ಬರಬೇಕಿತ್ತಪ್ಪ."

ಹಿಂದೆ ಯಾರೋ ಕಿಸಕ್ಕೆಂದರು. ಥರ್ಸ್ಟನ್ ಪಾದ್ರಿಯನ್ನು ದುರುಗುಟ್ಟಿ ನೋಡಿ ಹೊರಗೆ ನಡೆದ.

ಗುನ್ನಿಲ್ಡ್‌ಗೆ ಜೀವ ಬಂದಂತಾಗಿತ್ತು. ದಾರಿಯುದ್ದಕ್ಕೂ ಮಾತಾಡಿದಳು. ಆಲ್ವಿನ್ ನಾಲ್ಕು ಹೆಜ್ಜೆ ಮುಂದೆಯೇ ನಡೆಯುತ್ತಿದ್ದ. ಮನೆಯಲ್ಲಿ ಅವಳು ಗಾಯ ತೊಳೆದು ಜೇನು ಸವರಿಕೊಳ್ಳುವಾಗ ಬಾಗಿಲಲ್ಲೇ ನಿಂತಿದ್ದ.

"ಕೀವಾಗಿತ್ತು," ಎಂದ.

"ಸುಟ್ಟ ಗಾಯ ಕಣಯ್ಯ, ಕೀವಾಗದೆ ಇರ್ತದಾ?"

"ದೇವ್ರು ತೋರಿಸ್ದ. ಪಾದ್ರಿ ಮುಚ್ಚಿದ್ರು."

"ನಾನು ಬೆಂಕಿ ಹಾಕಿಲ್ಲ."

"ಹಾಕಿಲ್ಲ ಅಂದ್ರೆ ಹುಲ್ಲುಗಾವಲು ಯಾಕೆ ಕೊಟ್ಟೆ?"

"ಬದುಕೋಕೆ ಕೊಟ್ಟೆ. ನಿನ್ನ ಜೊತೆ ಬದುಕೋಕೆ." ಅವಳಿಗೆ ಸಿಟ್ಟು, ಅಳು ಎರಡೂ ಬಂದವು. ಅವಳು ಗೋಡೆಯ ಕಡೆ ತಿರುಗಿ ಮಲಗಿದಳು.

ಇನ್ನೂ ಹೊತ್ತು ಮುಳುಗಿರಲಿಲ್ಲ. ಹೊರಗೆ ಚಳಿಗಾಳಿ ಬೀಸುತ್ತಿತ್ತು. ಆಲ್ವಿನ್ ಒಲೆಯ ಕೆಂಡಕ್ಕೆ ಒಂದು ಬೋಗುಣಿ ನೀರು ಸುರಿದ. ಗೂಡಿನಲ್ಲಿದ್ದ ಚಕಮಕಿ ಕಲ್ಲನ್ನೂ ಉಕ್ಕಿನ ತುಂಡನ್ನೂ ತೆಗೆದು ಅವಳ ಕೈಗೆ ಸಿಗದಂತೆ ಸೊಂಟದ ಚೀಲಕ್ಕೆ ಹಾಕಿಕೊಂಡು, ಕೊಟ್ಟಿಗೆಯಲ್ಲಿ ಹಸುಗಳ ಪಕ್ಕ ಮಲಗಲು ಹೋದ.