ಬೆನ್ನಿನ ಹಳದಿ, ಬಾಲದ ಹಳದಿ

ಗುರುತಿನ ಹಳದಿ ಬಣ್ಣ ಈ ಇಲಿಯ ಬೆನ್ನ ಮೇಲೂ ಇದೆ, ಬಾಲದ ಮೇಲೂ ಇದೆ, ಒಂದೊಂದಕ್ಕೆ ನಾನು ಒಂದೇ ಕಡೆ ತಾನೇ ಹಚ್ಚಿದ್ದು — ತಲೆಗೆ ಹಳದಿ ಅಂದರೆ ಬರೀ ಹೊಟ್ಟೆಯಲ್ಲಿ ಹುಣ್ಣು ಬರಿಸುವ ಮದ್ದು ಕುಡಿಸಿದ್ದು, ಬೆನ್ನಿಗೆ ಅಂದರೆ ಮೊದಲು ಜ್ಯೇಷ್ಠಮಧು ಬೇರಿನ ಸಾರ, ಆಮೇಲೆ ಆ ಮದ್ದು, ಬಾಲಕ್ಕೆ ಅಂದರೆ ಏನೂ ಕೊಡದ ಇಲಿ, ಇಷ್ಟು ಸುಲಭ, ಮತ್ತೆ ಕೈಯಲ್ಲಿರುವ ಈ ಇಲಿ ಯಾವುದು, ಪಂಜರದಲ್ಲಿ ಉಳಿದವು ಒಂದರ ಮೇಲೊಂದು ಬಿದ್ದು ನೆಕ್ಕುತ್ತಿವೆ, ಒಂದರ ಬಾಲ ಇನ್ನೊಂದರ ಬೆನ್ನಿಗೆ ಉಜ್ಜುತ್ತಿದೆ, ಅಯ್ಯೋ, ಗುಂಪಿಗೊಂದು ಪಂಜರ ಅಂತ ಗೈಡ್ ಮೇಡಂ ಲ್ಯಾಬಿನ ಬೋರ್ಡಿನ ಮೇಲೆ ಬರೆದೇ ಇಟ್ಟಿದ್ದರು, ಮೂರು ಪಂಜರ ಯಾರು ತೊಳೀತಾರೆ ಅಂತ ಎಲ್ಲವನ್ನೂ ಒಂದಕ್ಕೇ ತುಂಬಿದ್ದು ನಾನು, ಹೋದ ವಾರವೂ ತುಂಬಿದ್ದೆ — ಹೋದ ವಾರ! ಬೆನ್ನಿಗೆ ಹಳದಿಯಿದ್ದ ಇಲಿಗಳ ಹೊಟ್ಟೆ ಬಿಡಿಸಿದರೆ ಒಂದು ಕೆಂಪು ಗೆರೆಯೂ ಇಲ್ಲ, ಲೆನ್ಸ್ ಕೆಳಗೆ ನುಣ್ಣಗೆ, ನಾನು ಕುಣಿದದ್ದೇನು, ಮೇಡಂ ಮಾತ್ರ ಇಷ್ಟು ಚೆನ್ನಾಗಿ ಬಂದ್ರೆ ನಂಗೆ ಭಯ ಕಣೇ, ಇನ್ನೊಂದ್ಸಲ ಮಾಡು ಅಂದಿದ್ದರು, ಆ ಇನ್ನೊಂದು ಸಲವೇ ಇವತ್ತು, ಆದರೆ ನಾನು ಅವತ್ತೇ ಸಾರವನ್ನು ಬಾಟಲಿಗೆ ತುಂಬಿಕೊಂಡು ಮನೆಗೆ ಓಡಿದ್ದೆ, ಆ ನುಣ್ಣನೆಯ ಹೊಟ್ಟೆಗಳು ಏನೂ ಕೊಡದ ಇಲಿಗಳದ್ದೇ ಆಗಿದ್ದರೆ?

ಅಪ್ಪ ಹೊಲಿಗೆ ಮೆಷಿನ್ನಿನ ಅಂಚಿಗೆ ಹೊಟ್ಟೆ ಒತ್ತಿಕೊಂಡೇ ಅಂಗಿ ಹೊಲಿಯುವುದು, ಹಾಗೆ ಒತ್ತಿದರೆ ಹುಣ್ಣಿನ ಉರಿ ಸುಮ್ಮನಿರುತ್ತದಂತೆ, ಅವತ್ತು ಒಂದು ಚಮಚ ಕುಡಿದು, ಏನೇ ಇದು, ಸಿಹಿಯಾಗಿದೆ, ಮಗಳೇ ಔಷಧಿ ಕಂಡುಹಿಡಿದ ಮೇಲೆ ಆ ಸುಡುಗಾಡು ಮಾತ್ರೆ ಯಾರಿಗೆ ಬೇಕು ಅಂದ, ಮಾತ್ರೆಗಳು ಬಟ್ಟೆ ಚೂರಿನ ಬುಟ್ಟಿಗೆ ಬಿದ್ದವು, ನಾನು ನಕ್ಕೆ, ನಕ್ಕೆನಲ್ಲ, ಬೇಡ ಅನ್ನಲಿಲ್ಲ.

ಫೋನು, ಎತ್ತಪ್ಪಾ, ಎತ್ತು — ಏನ್ ಡಾಕ್ಟ್ರಮ್ಮಾ, ಇಲಿ ಬಿಟ್ಟು ನನ್ನ ನೆನಪಾಯ್ತಾ, ಹೊಟ್ಟೆ ಹೇಗಿದೆಯಪ್ಪಾ, ಉರಿ ಕಮ್ಮಿ ಕಣಮ್ಮ, ಎದ್ದು ನಿಂತ್ರೆ ತಲೆ ಸುತ್ತುತ್ತೆ ಅಷ್ಟೇ, ಆಮೇಲೆ, ಹೇಳೋಕೆ ನಾಚಿಕೆ, ಎರಡು ದಿನದಿಂದ ಕಕ್ಕಸಿಗೆ ಹೋದ್ರೆ ಟಾರಿನ ಹಾಗೆ ಕರ್ರಗೆ, ನಿನ್ನ ಬೇರಿನ ಬಣ್ಣ ಇರ್ಬೇಕು ಅಲ್ವಾ — ಬಣ್ಣ ಅಲ್ಲಪ್ಪಾ, ರಕ್ತ ಅದು, ಬಾಟಲಿ ಮುಟ್ಟಬೇಡ, ನಾನು ತಪ್ಪು ಮಾಡಿದ್ದೀನಿ, ಯಾರನ್ನಾದ್ರೂ ಕರ್ಕೊಂಡು ಈಗ್ಲೇ ಆಸ್ಪತ್ರೆಗೆ ಹೊರಡು, ನಾನು ಅಲ್ಲಿಗೇ ಬರ್ತೀನಿ — ಅಂಗಿಗೆ ಬರೀ ಒಂದು ತೋಳು ಬಾಕಿ ಇದೆ ಮುಗಿಸಿ ಹೋಗ್ತೀನಿ ಬಿಡೇ, ಟಕಟಕ ಮೆಷಿನ್ನು, ಅಪ್ಪಾ ನಿಲ್ಸು, ಟಕಟಕ, ಅಪ್ಪಾ, ಟಕ — ನಿಂತಿತು, ಎದ್ದನಾ, ಬಿದ್ದನಾ, ಫೋನಿನಲ್ಲಿ ಫ್ಯಾನಿನ ಸದ್ದು ಮಾತ್ರ, ಕೈಯಲ್ಲಿ ಇನ್ನೂ ಬೆಚ್ಚಗೆ ಆ ಇಲಿ, ಬೆನ್ನ ಮೇಲೆ ಹಳದಿ, ಬಾಲದ ಮೇಲೆ ಹಳದಿ, ನನ್ನ ಬೆರಳಿನ ಮೇಲೆ ಹಳದಿ