ಇಪ್ಪತ್ತನಾಲ್ಕರ ಬಿಲ್ಲೆ

ತೆಯೋಪಿಸ್ತಾಳ ಹೃದಯದಲ್ಲಿ ತೂತಿರುವುದು ಗೊತ್ತಾದದ್ದು ತಮಾಷೆಯ ನಡುವೆ. ಕಂಪಾಲಾದ ದೊಡ್ಡ ಆಸ್ಪತ್ರೆಯೊಂದರಲ್ಲಿ, ಹೃದಯಕ್ಕೆ ಕೊಳವೆ ಹಾಯಿಸುವ ಕ್ಯಾತ್ ಲ್ಯಾಬಿನಲ್ಲಿ, ಆಕೆ ಹನ್ನೊಂದು ವರ್ಷದಿಂದ ನರ್ಸ್. ರಿಪೇರಿಗೆ ಹೋಗಿದ್ದ, ಹೃದಯದ ಒಳಗನ್ನು ತೋರಿಸುವ ಎಕೋ ಯಂತ್ರ ಅಂದು ವಾಪಸ್ ಬಂದಿತ್ತು. ಅದನ್ನು ನಡೆಸುವ ವಾಸ್ವಾ ಯಾರ ಮೇಲಾದರೂ ಪರೀಕ್ಷಿಸಬೇಕೆಂದು ಅತ್ತಿತ್ತ ನೋಡುತ್ತಿದ್ದ. ಊಟದ ಹೊತ್ತು, ರೋಗಿಗಳು ಯಾರೂ ಇರಲಿಲ್ಲ. ತೆಯೋಪಿಸ್ತಾ ತಾನೇ ಹೋಗಿ ಮಂಚದ ಮೇಲೆ ಮಲಗಿ, ಒಳಗೆ ಯಾರಾದರೂ ಸುಂದರಾಂಗ ಕೂತಿದ್ದರೆ ಹೇಳಪ್ಪಾ ಎಂದಳು. ವಾಸ್ವಾ ನಗುತ್ತಲೇ ಎದೆಯ ಮೇಲೆ ಯಂತ್ರದ ಕಡ್ಡಿ ಇಟ್ಟ. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಕಡ್ಡಿಯನ್ನು ಸರಿಸಿದ, ಓರೆ ಮಾಡಿದ, ಮತ್ತೆ ಮೊದಲಿನ ಜಾಗಕ್ಕೇ ತಂದ.

"ಅಕ್ಕಾ, ಮೆಟ್ಲು ಹತ್ತಿದ್ರೆ ನಿಂಗೆ ಉಸಿರು ಕಟ್ಟುತ್ತಾ?"

"ಮೂವತ್ತೆಂಟಾಯ್ತು. ಕಟ್ಟದೇ ಇರುತ್ತಾ?"

ವಾಸ್ವಾ ಪರದೆಯನ್ನು ಅವಳ ಕಡೆಗೆ ತಿರುಗಿಸಿದ. ಅವಳಿಗೆ ವಿವರಿಸುವ ಅಗತ್ಯವಿರಲಿಲ್ಲ. ಹೃದಯದ ಮೇಲಿನ ಎರಡು ಕೋಣೆಗಳ ನಡುವಿನ ಗೋಡೆಯಲ್ಲಿ, ಎಡದಿಂದ ಬಲಕ್ಕೆ, ಕೆಂಪು ಬಣ್ಣ ಕಾಲುವೆಯ ನೀರಿನಂತೆ ನುಗ್ಗುತ್ತಿತ್ತು. ಹುಟ್ಟಿನಿಂದಲೇ ಇದ್ದ ತೂತು. ಬಲಭಾಗ ಊದಿಕೊಂಡಿತ್ತು.

ಇಂಥ ತೂತನ್ನು ಮುಚ್ಚುವುದೇ ಅವರ ಲ್ಯಾಬಿನ ಕೆಲಸ. ಎದೆ ಕೊಯ್ಯುವುದಿಲ್ಲ. ತೊಡೆಯ ಸಂದಿನ ರಕ್ತನಾಳದಿಂದ ತೆಳ್ಳನೆಯ ಕೊಳವೆಯೊಂದನ್ನು ಹೃದಯದವರೆಗೆ ಕಳಿಸಿ, ಅದರೊಳಗಿಂದ ಸಣ್ಣ ತಂತಿಯಲ್ಲಿ ನೇಯ್ದ ಜೋಡಿ ಬಿಲ್ಲೆಯನ್ನು ಬಿಚ್ಚಿದರೆ, ಗೋಡೆಯ ಆಚೆಗೊಂದು ಈಚೆಗೊಂದು ಬಿಲ್ಲೆ ಕೂತು ತೂತು ಮುಚ್ಚಿಹೋಗುತ್ತದೆ. ಮರುದಿನ ರೋಗಿ ಎದ್ದು ಓಡಾಡುತ್ತಾನೆ. ತೆಯೋಪಿಸ್ತಾ ಇದನ್ನು ನೂರಾರು ತಾಯಂದಿರಿಗೆ ಹೇಳಿದ್ದಳು. ಆದರೆ ಆಕೆಗೆ ಬೇರೆಯದೂ ಗೊತ್ತಿತ್ತು. ನಾಲ್ಕು ವರ್ಷದ ಹಿಂದೆ ಒಬ್ಬ ಮೇಷ್ಟರ ಬಿಲ್ಲೆ ಗೋಡೆಯಿಂದ ಕಳಚಿ ಶ್ವಾಸಕೋಶದ ನಾಳದ ಕಡೆಗೆ ತೇಲಿಹೋಗಿತ್ತು. ಅವರನ್ನು ಮಲಗಿಸಿದ ಗಾಡಿಯನ್ನು ತಳ್ಳಿಕೊಂಡು ಆಪರೇಷನ್ ಕೋಣೆಗೆ ಓಡಿದವರಲ್ಲಿ ಇವಳೂ ಒಬ್ಬಳು. ಮೇಷ್ಟರು ಬದುಕಿದರು. ಆದರೆ ಆ ಗಾಡಿಯ ಚಕ್ರದ ಸದ್ದು ಈಗ ಅವಳ ಕಿವಿಯನ್ನು ಬಿಡದಾಯಿತು. ತರಕಾರಿ ಹೆಚ್ಚುವಾಗ, ಪ್ರಾರ್ಥನೆಗೆ ಮೊಣಕಾಲೂರಿದಾಗ, ಎಲ್ಲೆಂದರಲ್ಲಿ ಕೇಳಿಸುತ್ತಿತ್ತು.

ಮಸಾಕಾದಲ್ಲಿದ್ದ ತಾಯಿಗೆ ಅವಳು ನಿಜ ಹೇಳಲಿಲ್ಲ. ಎಂಟೆಬ್ಬೆಯಲ್ಲಿ ಮೂರು ದಿನ ತರಬೇತಿ ಇದೆ, ಫೋನ್ ಸಿಗದಿದ್ದರೆ ಗಾಬರಿಯಾಗಬೇಡ ಎಂದುಬಿಟ್ಟಳು.

ಬಿಲ್ಲೆ ಕೂರಿಸುವ ಡಾಕ್ಟರ್ ಒಲಾರ ಅವಳಿಗೆ ಮಂಗಳವಾರ ಗೊತ್ತು ಮಾಡಿದರು. ಬುಧವಾರ ಬೀರಾಳ ಸರದಿ. ಬೀರಾ ಕಸೇಸೆಯ ಹುಡುಗಿ, ಅವಳಿಗೂ ಇಂಥದೇ ತೂತು, ಹದಿಮೂರು ವರ್ಷ, ಒಂಬತ್ತರ ಮಗುವಿನಷ್ಟು ತೂಕ. ಅಪ್ಪ ಬಾಲುಕು ಅವಳನ್ನು ಅಷ್ಟು ದೂರದಿಂದ ಬಸ್ಸಿನಲ್ಲಿ ಕರೆತಂದು ಎರಡು ಸಲ ಹಾಗೇ ವಾಪಸ್ ಹೋಗಿದ್ದ. ಒಮ್ಮೆ ಹುಡುಗಿಗೆ ಜ್ವರ, ಇನ್ನೊಮ್ಮೆ ಲ್ಯಾಬಿನ ಯಂತ್ರ ಕೆಟ್ಟಿತ್ತು. ಇನ್ನೊಂದು ನ್ಯುಮೋನಿಯಾವನ್ನು ಅವಳ ಶ್ವಾಸಕೋಶ ತಡೆಯಲಾರದೆಂದು ಒಲಾರ ಫೈಲಿನಲ್ಲಿ ಬರೆದಿದ್ದರು.

ಬಿಲ್ಲೆಗಳ ಕಪಾಟು ತೆಯೋಪಿಸ್ತಾಳ ಸುಪರ್ದಿನಲ್ಲಿತ್ತು. ದಾನಿಗಳ ಪೆಟ್ಟಿಗೆ ಹೊರದೇಶದಿಂದ ವರ್ಷಕ್ಕೆ ಎರಡು ಸಲ ಬಂದರೆ ಹೆಚ್ಚು, ಮುಂದಿನದಕ್ಕೆ ಇನ್ನೂ ಒಂದು ತಿಂಗಳ ಮೇಲಿತ್ತು. ಸದ್ಯಕ್ಕೆ ಇಪ್ಪತ್ತು ಮಿಲಿಮೀಟರಿನದು ಎರಡಿದ್ದವು. ಇಪ್ಪತ್ತೆರಡರದು ಇರಲೇ ಇಲ್ಲ. ಇಪ್ಪತ್ತನಾಲ್ಕರದು ಒಂದೇ ಇತ್ತು. ಅದರ ಡಬ್ಬಿಯ ಮೇಲೆ ಬೀರಾಳ ಹೆಸರನ್ನು ತೆಯೋಪಿಸ್ತಾ ತನ್ನ ಕೈಯಾರೆ ಬರೆದು ಅಂಟಿಸಿದ್ದಳು. ತನ್ನ ತೂತಿಗೆ ಇಪ್ಪತ್ತರದು ಸಾಕೆಂದು ಅಳತೆ ಹೇಳಿತ್ತು.

ಮಂಗಳವಾರ ಬೆಳಿಗ್ಗೆ ಆಕೆ ಆ ಟೇಬಲ್ಲಿನ ಮೇಲೆ ಮೊದಲ ಬಾರಿ ಅಂಗಾತ ಮಲಗಿದಳು. ತೊಡೆಯ ಜಾಗವನ್ನಷ್ಟೇ ಮರಗಟ್ಟಿಸಿದ್ದರಿಂದ ಎಚ್ಚರ ಪೂರ್ತಿ ಇತ್ತು. ಮೇಲಿನ ಚಾವಣಿಯಲ್ಲಿ ನೀರಿನ ಕಲೆಯಿತ್ತು. ಇಷ್ಟು ವರ್ಷ ರೋಗಿಗಳೆಲ್ಲ ಇದನ್ನೇ ನೋಡುತ್ತಿದ್ದರೇ ಎಂದುಕೊಂಡಳು. ಕೊಳವೆ ಒಳಗೆ ಸರಿಯುವಾಗ ನೋವಾಗಲಿಲ್ಲ. ಹೃದಯವನ್ನು ಮುಟ್ಟಿದಾಗ ಮಾತ್ರ ಎದೆಯೊಳಗೆ ಮೀನು ಮಗುಚಿದಂತಾಯಿತು. ಪರದೆಯಲ್ಲಿ ಯಾವ ಗೆರೆ ಹೇಗೆ ಕುಣಿದಿರಬಹುದೆಂದು ಅವಳಿಗೆ ನೋಡದೆಯೇ ತಿಳಿಯಿತು. ಮಾನಿಟರಿನ ಒಂದೊಂದು ಸದ್ದನ್ನೂ ಎಣಿಸತೊಡಗಿದಳು.

ಕೆಲಸ ಸರಾಗವಾಗಿ ನಡೆಯುವಷ್ಟು ಹೊತ್ತು ಮಾತಾಡುತ್ತಲೇ ಇರುವ ಮನುಷ್ಯ ಒಲಾರ. ಅಂದೂ ಹಿಂದಿನ ದಿನದ ಫುಟ್ಬಾಲ್ ಪಂದ್ಯದಲ್ಲಿ ಗೋಲ್ ಕೀಪರ್ ಹೇಗೆ ನಿದ್ದೆ ಹೊಡೆದನೆಂದು ಬೈಯುತ್ತಿದ್ದರು. ಆಚೆಯ ಬಿಲ್ಲೆ ಬಿಚ್ಚಿದರು, ಈಚೆಯದೂ ಬಿಚ್ಚಿದರು. ಗಟ್ಟಿಯಾಗಿ ಕೂತಿದೆಯೇ ಎಂದು ತಂತಿಯನ್ನು ಮೆಲ್ಲಗೆ ಎಳೆದು ನೋಡಿದರು. ಮಾತು ನಿಂತಿತು.

ತೆಯೋಪಿಸ್ತಾ ಎಣಿಸುವುದನ್ನು ಬಿಟ್ಟಳು. ಬಿಲ್ಲೆ ತೂತಿನಲ್ಲಿ ನುಸುಳಿ ಈಚೆಗೆ ಬಂದಿತ್ತು. ಅದಿನ್ನೂ ತಂತಿಗೆ ಅಂಟಿಕೊಂಡೇ ಇದ್ದುದರಿಂದ ಕೊಳವೆಯೊಳಕ್ಕೆ ಎಳೆದುಕೊಂಡು ಮತ್ತೊಮ್ಮೆ ಇಟ್ಟರು. ಮತ್ತೆ ನುಸುಳಿತು. ಗೋಡೆಯ ಒಂದು ಅಂಚು ಎಣಿಸಿದ್ದಕ್ಕಿಂತ ತೆಳುವಾಗಿದೆ ಎಂದು ವಾಸ್ವಾ ತಗ್ಗಿದ ದನಿಯಲ್ಲಿ ಹೇಳಿದ.

"ಇಪ್ಪತ್ನಾಲ್ಕು ಕೊಡಿ," ಎಂದರು ಒಲಾರ.

ಅವಳ ಜಾಗದಲ್ಲಿ ನಿಂತಿದ್ದ ಹೊಸ ನರ್ಸ್ ಕಪಾಟಿನ ಬಾಗಿಲು ತೆರೆದದ್ದು ಕೇಳಿಸಿತು. ಡಬ್ಬಿ ಸರಿಸಿದ ಸದ್ದು. ಒಂದು ಕ್ಷಣ ತೆಯೋಪಿಸ್ತಾ ಸುಮ್ಮನಿದ್ದಳು. ಸುಮ್ಮನಿದ್ದುಬಿಟ್ಟರೆ ಎಲ್ಲ ಮುಗಿಯುತ್ತಿತ್ತು. ಯಾರೂ ತನ್ನನ್ನು ಕೇಳಿಯೂ ಇರಲಿಲ್ಲ.

"ಅದನ್ನ ತೆಗೀಬೇಡಿ," ಎಂದಳು. "ಅದು ಬೀರಾಂದು."

"ಸಿಸ್ಟರ್, ಈಗ ನೀವು ನರ್ಸ್ ಅಲ್ಲ, ರೋಗಿ. ಸುಮ್ನೆ ಮಲಗಿ."

"ರೋಗಿನೇ ಹೇಳ್ತಿರೋದು ಡಾಕ್ಟ್ರೇ. ನಂಗೆ ಬೇಡ. ಬಿಚ್ಚಿದ ಮೇಲೆ ಅದು ಇನ್ಯಾರಿಗೂ ಆಗಲ್ಲ."

"ಆ ಹುಡುಗಿಗೆ ನಾನು ಎಲ್ಲಿಂದಾದ್ರೂ ತರಿಸ್ತೀನಿ."

"ಎಲ್ಲಿಂದ? ಕಪಾಟು ನೋಡ್ಕೊಳ್ಳೋಳು ನಾನು. ಮೂವತ್ತೆಂಟು ವರ್ಷ ಈ ತೂತು ಇಟ್ಕೊಂಡು ಬದುಕಿದೀನಿ. ಇನ್ನೆರಡು ತಿಂಗಳು ನಂಗೇನೂ ಆಗಲ್ಲ. ಅವಳಿಗೆ ಆಗುತ್ತೆ. ನೀವೇ ಬರ್ದಿದೀರಲ್ಲ."

ಒಲಾರ ಕೊಳವೆಯ ಓರೆ ಬದಲಿಸಿ, ಇಪ್ಪತ್ತರ ಬಿಲ್ಲೆಯನ್ನೇ ಮೂರನೆಯ ಸಲ ಇಟ್ಟು ನೋಡಿದರು. ಆ ನಾಲ್ಕು ನಿಮಿಷದಲ್ಲಿ ಅವಳು ಗೊತ್ತಿದ್ದ ಸಂತರನ್ನೆಲ್ಲ ಕರೆದಳು. ಬಿಲ್ಲೆ ನಿಲ್ಲಲಿಲ್ಲ. ಕೊನೆಗೆ ಅವರು ಎಲ್ಲವನ್ನೂ ಹೊರಗೆಳೆದು, ಕೈಗವಸು ಕಳಚಿ ಬುಟ್ಟಿಗೆ ಎಸೆದು ಹೊರಗೆ ಹೋದರು.

ವಾರ್ಡಿಗೆ ಬಂದಮೇಲೆ ತೆಯೋಪಿಸ್ತಾ ಗೋಡೆಯ ಕಡೆಗೆ ಮುಖ ಮಾಡಿ ಅತ್ತಳು. ತಾನು ಒಳ್ಳೆಯ ಕೆಲಸ ಮಾಡಿದೆನೆಂಬ ಭಾವನೆ ಎಲ್ಲೂ ಇರಲಿಲ್ಲ. ಇದ್ದದ್ದು ಭಯವೊಂದೇ. ಬಾಯಿ ಮುಚ್ಚಿಕೊಂಡಿರಬಾರದಿತ್ತೇ ಎಂದು ತನ್ನನ್ನೇ ಬೈದುಕೊಂಡಳು. ಬೀರಾಳ ಮೇಲೂ ಒಂದು ಗಳಿಗೆ ಕೋಪ ಬಂತು.

ಮಧ್ಯಾಹ್ನಕ್ಕೆ ತಾಯಿ ಬಾಗಿಲಲ್ಲಿ ನಿಂತಿದ್ದಳು. ವಾಸ್ವಾ ಬೆಳಿಗ್ಗೆಯೇ ಫೋನ್ ಮಾಡಿಬಿಟ್ಟಿದ್ದ. ಕಂಕುಳಲ್ಲಿ ಬುಟ್ಟಿ, ಅದರೊಳಗೆ ಬಾಳೆಕಾಯಿ ಬೇಯಿಸಿ ನಾದಿ ಬಾಳೆಲೆಯಲ್ಲಿ ಸುತ್ತಿದ ಮತೋಕೆ.

"ಇದೇ ಏನೇ ನಿನ್ನ ಎಂಟೆಬ್ಬೆ?" ಎಂದಳು. ಬುಟ್ಟಿ ಕೆಳಗಿಟ್ಟು ಮಂಚದ ಪಕ್ಕ ಕೂತಳು. ಬಿಲ್ಲೆಯ ಕತೆ ಕೇಳಿದ ಮೇಲೆ, ಹೆತ್ತವಳನ್ನು ಒಂದು ಮಾತು ಕೇಳದೆ ಊರವರ ಮಕ್ಕಳಿಗೆ ಜೀವ ಹಂಚಲು ನಿನಗೆ ಯಾರು ಅಧಿಕಾರ ಕೊಟ್ಟರೆಂದು ಗದರಿದಳು. ಆಮೇಲೆ ಮತೋಕೆ ಬಿಚ್ಚಿ, ಕಡಲೆಕಾಯಿ ಗೊಜ್ಜಿನಲ್ಲಿ ಅದ್ದಿ, ಚಿಕ್ಕ ಮಗುವಿಗೆ ಇಟ್ಟಂತೆ ಬಾಯಿಗಿಟ್ಟಳು.

ಬುಧವಾರ ಬೀರಾಳ ತೂತು ಒಂದೇ ಸಲಕ್ಕೆ ಮುಚ್ಚಿತು. ಸಂಜೆ ಬಾಲುಕು ಮೈಯೆಲ್ಲ ನಗುವಾಗಿ ವಾರ್ಡಿಗೆ ಬಂದ. ಅವನಿಗೆ ಯಾರೂ ಏನೂ ಹೇಳಿರಲಿಲ್ಲ. ಸಿಸ್ಟರಿಗೂ ಅದೇ ಕಾಯಿಲೆಯಂತೆ, ಇನ್ನೂ ಆಗಿಲ್ಲವಂತೆ ಎಂದಷ್ಟೇ ಕೇಳಿಸಿಕೊಂಡಿದ್ದ.

"ಹೆದರ್ಕೋಬೇಡಿ ಸಿಸ್ಟರ್," ಎಂದು ಧೈರ್ಯ ಹೇಳಿದ. "ನನ್ ಮಗಳು ಅಳಲೇ ಇಲ್ಲ, ನೋಡಿ."

ತಾಯಿ ಬಾಯಿ ತೆರೆದಳು. ತೆಯೋಪಿಸ್ತಾ ಅವಳ ಮೊಣಕೈ ಹಿಂಡಿದಳು. ತಾಯಿ ಬಾಯಿ ಮುಚ್ಚಿ, ಉಳಿದಿದ್ದ ಮತೋಕೆಯನ್ನು ಬೀರಾಳಿಗೆಂದು ಕಟ್ಟಿ ಅವನ ಕೈಗೆ ಕೊಟ್ಟಳು.

ಆಮೇಲಿನದು ಏಳು ವಾರಗಳ ಕಾಯುವಿಕೆ. ತಾಯಿ ಕಿರೇಕಾದಲ್ಲಿದ್ದ ಮಗಳ ಬಾಡಿಗೆ ಮನೆಯಲ್ಲೇ ಠಿಕಾಣಿ ಹೂಡಿ, ನೀರಿನ ಕ್ಯಾನು ಎತ್ತಗೊಡದೆ, ಬಟ್ಟೆ ಒಗೆಯಗೊಡದೆ ಕಾವಲು ಕಾದಳು. ತೆಯೋಪಿಸ್ತಾ ಲಘು ಕೆಲಸಕ್ಕೆಂದು ಆಸ್ಪತ್ರೆಗೆ ಹೋಗಿಬರುತ್ತಿದ್ದಳು. ನಾಡಿ ಆಗಾಗ ಒಂದು ಹೆಜ್ಜೆ ತಪ್ಪುತ್ತಿತ್ತು. ಮೊದಲೂ ತಪ್ಪುತ್ತಿತ್ತೋ, ಈಗ ಗಮನಿಸುವುದರಿಂದ ತಿಳಿಯುತ್ತಿದೆಯೋ, ಅವಳಿಗೇ ಗೊತ್ತಾಗಲಿಲ್ಲ. ಐದನೆಯ ವಾರ ಬರಬೇಕಿದ್ದ ಪೆಟ್ಟಿಗೆ ಬರಲಿಲ್ಲ. ಆರನೆಯ ವಾರ ಕಾಗದಪತ್ರದಲ್ಲಿ ಏನೋ ತೊಡಕೆಂದು ವಿಮಾನ ನಿಲ್ದಾಣದಲ್ಲೇ ಕೂತಿತು. ಒಲಾರ ತಾವೇ ಎರಡು ಸಲ ಅಲ್ಲಿಗೆ ಹೋಗಿ ಬಂದರು. ಆ ಮಂಗಳವಾರದ ಬಗ್ಗೆ ಅವರು ಅವಳೊಂದಿಗೆ ಒಂದು ಮಾತೂ ಆಡಿರಲಿಲ್ಲ. ಏಳನೆಯ ವಾರ ಪೆಟ್ಟಿಗೆಯನ್ನು ತಾವೇ ಹೊತ್ತು ತಂದು ಅವಳ ಮೇಜಿನ ಮೇಲಿಟ್ಟು, "ಇಪ್ಪತ್ನಾಲ್ಕರದು ನಾಲ್ಕಿದಾವೆ. ಈ ಸಲ ಕಪಾಟಿನ ಯಜಮಾನಿ ಜಗಳ ಆಡೋ ಹಾಗಿಲ್ಲ," ಎಂದರು.

ಎರಡನೆಯ ಸಲ ಭಯ ಮೊದಲಿಗಿಂತ ಹೆಚ್ಚಿತ್ತು. ಈಗ ಬಿಲ್ಲೆ ನುಸುಳುವುದು ಹೇಗಿರುತ್ತದೆಂದು ಅವಳ ಮೈಗೂ ಗೊತ್ತಿತ್ತು. ಒಲಾರ ಆಚೆಯದನ್ನು ಬಿಚ್ಚಿದರು, ಈಚೆಯದನ್ನು ಬಿಚ್ಚಿದರು, ಎಳೆದರು. ನಿಂತಿತು. ಇನ್ನೊಮ್ಮೆ, ತುಸು ಜೋರಾಗಿ ಎಳೆದರು. ಆಗಲೂ ನಿಂತಿತು. ವಾಸ್ವಾ ಎಲ್ಲ ಕಡೆಯಿಂದ ನೋಡಿ, ಬಣ್ಣ ಎಲ್ಲೂ ದಾಟುತ್ತಿಲ್ಲ ಎಂದ. ಇನ್ನು ಉಳಿದದ್ದು ಬಿಲ್ಲೆಯನ್ನು ತಂತಿಯಿಂದ ಬಿಡಿಸುವುದು. ಬಿಟ್ಟರೆ ಬಿಟ್ಟಂತೆ.

"ಬಿಡ್ಲಾ ಸಿಸ್ಟರ್?" ಎಂದು ಒಲಾರ ಕೇಳಿದರು. ಅವರು ಯಾವ ರೋಗಿಯನ್ನೂ ಹಾಗೆ ಕೇಳಿದ್ದನ್ನು ಅವಳು ಕಂಡಿರಲಿಲ್ಲ.

"ಬಿಡಿ," ಎಂದಳು.

ಎರಡು ದಿನದ ನಂತರ ತಾಯಿ ಅವಳನ್ನು ಬಾಡಿಗೆ ಕಾರಿನಲ್ಲಿ ಕೂರಿಸಿಕೊಂಡು ಮನೆಗೆ ಹೊರಟಳು. ಪ್ರತಿ ರಸ್ತೆಯುಬ್ಬು ಬಂದಾಗಲೂ ಡ್ರೈವರನ ಹೆಗಲು ತಟ್ಟಿ, ನಿಧಾನ, ಒಳಗೆ ಹೊಸ ಸಾಮಾನಿದೆ ಎನ್ನುತ್ತಿದ್ದಳು.

"ಅಜ್ಜೀ, ಇದಕ್ಕಿಂತ ನಿಧಾನ ಅಂದ್ರೆ ನಾವು ಹಿಂದಕ್ಕೆ ಹೋಗ್ಬೇಕಾಗುತ್ತೆ," ಎಂದ ಡ್ರೈವರ್. ಹಿಂದಿನಿಂದ ಬಾಡಿಗೆಯ ಬೋಡಾ ಬೈಕಿನವರು ಹಾರ್ನ್ ಬಾರಿಸುತ್ತಿದ್ದರು.

ತೆಯೋಪಿಸ್ತಾ ಎರಡು ಬೆರಳನ್ನು ಮಣಿಕಟ್ಟಿನ ಮೇಲಿಟ್ಟು ನಾಡಿ ಎಣಿಸುತ್ತ ಕೂತಿದ್ದಳು. ಅರವತ್ತೆಂಟು. ಅರವತ್ತೊಂಬತ್ತು. ಒಂದು ತಪ್ಪಿತು. ಮೊದಲ ಕೆಲವು ವಾರ ಹೀಗಾಗುವುದು ಸಹಜವೆಂದು ಅವಳಿಗೆ ಗೊತ್ತಿತ್ತು, ಆದರೂ ನಂಬಿಕೆ ಬರಲಿಲ್ಲ. ಮತ್ತೆ ಮೊದಲಿನಿಂದ ಎಣಿಸಿದಳು. ನಕಾವಾ ಮಾರುಕಟ್ಟೆಯ ಹತ್ತಿರ ಗಾಡಿಗಳು ಕಿಕ್ಕಿರಿದು ನಿಂತವು. ತಾಯಿ ಕಿಟಕಿ ಇಳಿಸಿ ಅನಾನಸ್ ಮಾರುವವಳೊಂದಿಗೆ ಚೌಕಾಸಿಗಿಳಿದಳು, ಡ್ರೈವರ್ ಮಾರುವವಳ ಪಕ್ಷ ಹಿಡಿದ, ಮೂವರಿಗೂ ವಾದ ಹತ್ತಿತು. ಕೇಳುತ್ತ ಕೇಳುತ್ತ ಅವಳಿಗೆ ಎಣಿಕೆ ಎಲ್ಲಿಗೆ ನಿಂತಿತೆಂಬುದು ಮರೆತುಹೋಯಿತು.